ಹಳೆಯ ಮ್ಯಾಂಡೊಲಿನ್‌ಗೆ ಹೊಸ ಬಿರಡೆ

ಮ್ಯಾಂಡೊಲಿನ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಯು. ಶ್ರೀನಿವಾಸ್. ಅವರು ಪ್ರಸಿದ್ಧಿಗೆ ತಂದದ್ದು ವಿದ್ಯುತ್ ಮ್ಯಾಂಡೊಲಿನ್. ಇಟಲಿಯಿಂದ ಹೊರಟು ಅಮೆರಿಕದಲ್ಲಿ ಹೊಸ ರೂಪ ಪಡೆದ ಎಂಟು ತಂತಿಗಳ ಮರದ ವಾದ್ಯದ ಕಥೆಯೇ ಬೇರೆ. ಅಂಥ ಅನೇಕ ವಾದ್ಯಗಳಿಗೆ ಈಗ ನೂರು ವರ್ಷ ದಾಟಿದೆ. ಮರ ಇನ್ನೂ ಗಟ್ಟಿಯಾಗಿದೆ, ನಾದವೂ ಮಾಗಿದೆ. ಕೈಕೊಡುವುದು ಶ್ರುತಿ ಮಾಡುವ ಪುಟ್ಟ ಯಂತ್ರ.

ವೀಣೆಯ ಮರದ ಬಿರಡೆ ಬಿಗಿಹಿಡಿತದ ಬಲದಿಂದ ನಿಲ್ಲುತ್ತದೆ. ಮ್ಯಾಂಡೊಲಿನ್‌ನಲ್ಲಿ ಹಾಗಲ್ಲ. ತಂತಿ ಸುತ್ತಿದ ಗೂಟದ ಬುಡದಲ್ಲಿ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ತಿರುಪು, ತಿರುಪಿನ ತುದಿಗೆ ಗುಂಡಿ. ಗುಂಡಿ ಒಂದು ಸುತ್ತು ತಿರುಗಿದರೆ ಚಕ್ರ ಸರಿಯುವುದು ಒಂದೇ ಹಲ್ಲು. ಇಂಥ ನಾಲ್ಕು ಜೋಡಣೆಗಳು ಒಂದು ಲೋಹದ ಪಟ್ಟಿಯ ಮೇಲೆ. ತಲೆಯ ಹಿಂದೆ ಎಡಕ್ಕೊಂದು, ಬಲಕ್ಕೊಂದು ಪಟ್ಟಿ. ತಂತಿಗಳು ಜೋಡಿಜೋಡಿಯಾಗಿ ಒಂದೇ ಸ್ವರಕ್ಕೆ ಕೂಡಿರಬೇಕಾದ್ದರಿಂದ ಒಂದು ಕೂದಲೆಳೆಯಷ್ಟು ಜಾರಿದರೂ ಕಿವಿಗೆ ತಿಳಿಯುತ್ತದೆ.

ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ 1902ರಲ್ಲಿ ಸ್ಥಾಪನೆಯಾದ ಗಿಬ್ಸನ್ ಕಂಪೆನಿ, ಮ್ಯಾಂಡೊಲಿನ್ ವಾದ್ಯವೃಂದಗಳ ಹುಚ್ಚು ಹರಡಿದ್ದ ಕಾಲದಲ್ಲಿ ಬೆಳೆಯಿತು. ಮುಂದೆ ಬ್ಲೂಗ್ರಾಸ್ ಸಂಗೀತದ ಬಿಲ್ ಮನ್ರೊ ದಶಕಗಳ ಕಾಲ ನುಡಿಸಿದ್ದು ಇದೇ ಕಂಪೆನಿಯ ಎಫ್-5 ಮಾದರಿಯನ್ನು. ಅದರೊಳಗಿನ ಚೀಟಿಯಲ್ಲಿ ಲಾಯ್ಡ್ ಲೋರ್ ಸಹಿ ಇದೆ. ತಾರೀಖು 1923ರ ಜುಲೈ 9.

ತೊಡಕಿರುವುದು ತಿರುಪಿನ ಜಾಗದಲ್ಲಿ. 1920ರ ದಶಕದ ನಡುಭಾಗದವರೆಗೆ ಗಿಬ್ಸನ್ ವಾದ್ಯಗಳಲ್ಲಿ ತಿರುಪು ಚಕ್ರದ ಮೇಲ್ಗಡೆ, ಅಂದರೆ ತಲೆಯ ತುದಿಯ ಕಡೆಗೆ ಇರುತ್ತಿತ್ತು. ತಂತಿ ಎಳೆಯುವುದು ಕೆಳಕ್ಕೆ. ಆ ಎಳೆತಕ್ಕೆ ಚಕ್ರ ತಿರುಪಿನಿಂದ ದೂರ ಸರಿಯಲು ನೋಡುತ್ತದೆ. ಸವೆದಂತೆಲ್ಲ ಹಿಡಿತ ಸಡಿಲ. ಬಳಿಕ ಬಂದ ವಿನ್ಯಾಸದಲ್ಲಿ ತಿರುಪು ಕೆಳಗೆ ಬಂತು. ತಂತಿಯ ಬಲವೇ ಚಕ್ರವನ್ನು ತಿರುಪಿಗೆ ಒತ್ತಿ ಹಿಡಿಯಿತು. ಇಷ್ಟು ಸರಳ ಸಂಗತಿ ಮೊದಲೇ ಹೊಳೆಯಲಿಲ್ಲವೆ ಎಂದು ಅಚ್ಚರಿಯಾಗುತ್ತದೆ!

ಹಾಗೆಂದು ಹೊಸ ಪಟ್ಟಿಯನ್ನು ಹಳೆಯ ತಲೆಗೆ ಸುಮ್ಮನೆ ಕೂರಿಸುವಂತಿಲ್ಲ. ಸ್ಕ್ರೂ ತೂತುಗಳು ಹೊಂದುವುದಿಲ್ಲ. ಇಂದಿನ ಪಟ್ಟಿಗಳಲ್ಲಿ ಗೂಟದಿಂದ ಗೂಟಕ್ಕೆ ಸಾಮಾನ್ಯವಾಗಿ 23 ಮಿಲಿಮೀಟರ್ ಅಂತರ. ಹಳೆಯ ತೂತುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್ ಬೇರೆಯಾದರೂ ನಾಲ್ಕನೆಯ ಗೂಟದ ಹೊತ್ತಿಗೆ ಒಂದೂವರೆ ಮಿಲಿಮೀಟರ್ ತಪ್ಪಿರುತ್ತದೆ. ಗೂಟ ಮರಕ್ಕೆ ಉಜ್ಜಿ ಬಿಗಿಯುತ್ತದೆ. ತೂತು ದೊಡ್ಡದು ಮಾಡಿದರೆ ವಾದ್ಯದ ಬೆಲೆಯೂ ಚರಿತ್ರೆಯೂ ಕೆಟ್ಟಂತೆ. ಒಮ್ಮೆ ಕೊರೆದ ಮರ ಮತ್ತೆ ಮೊದಲಿನಂತಾಗದು. ಎಡದ ಪಟ್ಟಿಯನ್ನು ತಲೆಕೆಳಗು ಮಾಡಿ ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ತಿರುಪನ್ನು ಮೇಲಕ್ಕೆ ತರುವ ಉಪಾಯವೂ ಉಂಟು. ಆದರೆ ಅಳತೆಯ ಸಮಸ್ಯೆ ಅದರಿಂದ ತೀರದು.

ಈಗ ಹಳೆಯ ಕ್ರಮದಲ್ಲೇ, ತಿರುಪು ಮೇಲಿರುವ ಪ್ರತಿಕೃತಿ ಪಟ್ಟಿಗಳು ದುರಸ್ತಿಗೆಂದೇ ತಯಾರಾಗುತ್ತಿವೆ. ತಿಳಿದ ಕುಶಲಕರ್ಮಿ ಅದಕ್ಕೂ ಮೊದಲು ಹಳೆಯದನ್ನೇ ತೊಳೆದು ಎಣ್ಣೆ ಬಿಟ್ಟು ನೋಡುತ್ತಾನೆ. ಎಷ್ಟೋ ಸಲ ಕೆಟ್ಟಿರುವುದು ಗುಂಡಿ ಮಾತ್ರ. ದಂತದಂತೆ ಕಾಣುವ ಸೆಲ್ಯುಲಾಯ್ಡ್ ಗುಂಡಿಗಳು ಕಾಲಕ್ರಮೇಣ ಒಡೆದು ಪುಡಿಯಾಗುತ್ತವೆ. ಅವುಗಳಿಂದ ಹೊರಡುವ ಆಮ್ಲೀಯ ಅನಿಲ ಪಕ್ಕದ ಲೋಹವನ್ನೂ ತಿನ್ನುತ್ತದೆ. ಹಾಗಾಗಿ ಬಿಚ್ಚಿದ ಹಳೆಯ ಪಟ್ಟಿಯನ್ನು ಎಸೆಯದೆ ಇಡಬೇಕು ನಿಜ, ಆದರೆ ಮ್ಯಾಂಡೊಲಿನ್‌ನ ಪೆಟ್ಟಿಗೆಯೊಳಗೆ ಮಾತ್ರ ಅಲ್ಲ.