ಗಾಜಿನ ತೊಟ್ಟಿ, ಊರ ಕೆರೆ ಮತ್ತು ಒಂದು ಹುಣ್ಣಿನ ಚರಿತ್ರೆ

ಅಕ್ವೇರಿಯಂ ಅಂಗಡಿಗೆ ಹೋಗಿ "ಮೀನಿಗೆ ಹುಷಾರಿಲ್ಲ" ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿಗುತ್ತೆ. ನೀಲಿ ಸೀಸೆ, ಇಲ್ಲ ಹಸಿರು ಸೀಸೆ. ಮೀನಿಗೆ ಏನಾಗಿದೆ ಅಂತ ವಿಚಾರಿಸುವವರು ಕಡಿಮೆ. ನಮ್ಮ ಸಾಫ್ಟ್‌ವೇರ್ ಕಡೆಯೂ ಹೀಗೇ, ಲಾಗ್ ನೋಡದೆ ಸರ್ವರ್ ರಿಸ್ಟಾರ್ಟ್ ಮಾಡುವವರಿಗೆ ಬರವಿಲ್ಲ :)

ತಮಾಷೆ ಏನೆಂದರೆ ಈ ಎರಡು ಸೀಸೆಯಲ್ಲಿ ಇರೋದು ಮೂಲತಃ ಬಟ್ಟೆಗೆ ಹಾಕುವ ಬಣ್ಣ. ನೀಲಿ ಅಂದರೆ ಮೆಥಿಲೀನ್ ಬ್ಲೂ, 1876ರಲ್ಲಿ ಜರ್ಮನಿಯಲ್ಲಿ ತಯಾರಾಯಿತು. 1891ರಲ್ಲಿ ಪೌಲ್ ಎರ್ಲಿಕ್ ಅದನ್ನು ಮಲೇರಿಯಾ ರೋಗಿಗಳ ಮೇಲೆ ಪ್ರಯೋಗಿಸಿದರು. ಹಸಿರು ಅಂದರೆ ಮಾಲಕೈಟ್ ಗ್ರೀನ್. 1930ರ ದಶಕದಲ್ಲಿ ಅಮೆರಿಕದಲ್ಲಿ ಮೀನಿನ ಬೂಷ್ಟಿಗೆ ಅದನ್ನು ಬಳಸತೊಡಗಿದರು. ಕ್ಯಾನ್ಸರ್ ಭಯದಿಂದ ಈಗ ತಿನ್ನುವ ಮೀನಿಗೆ ಅದನ್ನು ಹಾಕುವಂತಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಮಾತ್ರ ಉಳಿದುಕೊಂಡಿದೆ.

ಕೆಲವು ರೋಗಕ್ಕೆ ಈ ಬಣ್ಣಗಳು ಕೆಲಸ ಮಾಡುತ್ತವೆ, ನಿಜ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಬರುತ್ತದಲ್ಲ, ಅದಕ್ಕೆ ಕಾರಣವಾದ ಏಕಕೋಶ ಜೀವಿಗೆ 1876ರಲ್ಲೇ ಫ್ರಾನ್ಸಿನ ಫೂಕೆ ಎಂಬವರು ಹೆಸರಿಟ್ಟರು. ಅದು ಮೀನಿನ ಚರ್ಮದೊಳಗೆ ಇರುವಾಗ ಯಾವ ಔಷಧಿಯೂ ತಾಗದು. ಬಲಿತು ಉದುರಿ, ತೊಟ್ಟಿಯ ತಳದಲ್ಲಿ ಒಡೆದು ನೂರಾರು ಮರಿಗಳಾಗಿ ಈಜುವಾಗ ಮಾತ್ರ ಸಾಯುತ್ತದೆ. ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಔಷಧಿ ಮುಂದುವರಿಸಬೇಕು. ರೋಗದ ದಾರಿ ಗೊತ್ತಿದ್ದರೆ ಮಾತ್ರ ಮದ್ದು ನಾಟುತ್ತದೆ.

ದಾರಿ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಇನ್ನೊಂದು ರೋಗದ ಕಥೆ ಇದೆ. ಈ ಬರಹ ಅದರ ಬಗ್ಗೆ.

1971ರಲ್ಲಿ ಜಪಾನಿನಲ್ಲಿ ಆಯು ಎಂಬ ಮೀನಿಗೆ ಮೈಯೆಲ್ಲ ಕೆಂಪು ಹುಣ್ಣು ಬಂತು. ಅಲ್ಲಿನ ಗೋಲ್ಡ್ ಫಿಶ್‌ಗಳಲ್ಲೂ ಇದೇ ಕಾಯಿಲೆ ಕಂಡಿತು. 1972ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥದ್ದೇ ರೋಗ ಬಂದಾಗ ಅಲ್ಲಿಯವರು ಕೆಂಪು ಚುಕ್ಕೆ ರೋಗ ಅಂದರು. ಆಮೇಲೆ ಪಪುವಾ ನ್ಯೂ ಗಿನಿ, ಥಾಯ್ಲೆಂಡ್, ಮಲೇಷಿಯಾ, ಶ್ರೀಲಂಕಾ. 1988ರಲ್ಲಿ ಬಾಂಗ್ಲಾದೇಶ, ಅದೇ ವರ್ಷ ನಮ್ಮ ಈಶಾನ್ಯ ರಾಜ್ಯಗಳು. ಅಲ್ಲಿಂದ ಬಂಗಾಳ, ಬಿಹಾರ, ಒಡಿಶಾ ದಾಟಿ 1991ರ ಹೊತ್ತಿಗೆ ಕೇರಳದಲ್ಲಿತ್ತು. 1990ರ ದಶಕದ ಮೊದಲ ವರ್ಷಗಳಲ್ಲೇ ಕರ್ನಾಟಕಕ್ಕೂ ಬಂತು. ವಿಜ್ಞಾನಿಗಳು ಇದನ್ನು ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್ ಅಂತಾರೆ. ನಾವು ಹುಣ್ಣು ರೋಗ ಅನ್ನೋಣ.

ಎಲ್ಲ ಮೀನಿಗೂ ಇದು ಒಂದೇ ರೀತಿ ತಗುಲುವುದಿಲ್ಲ. ಕೊರವ, ಪಕ್ಕೆ, ಮೃಗಾಲ್ ಬೇಗ ಬೀಳುತ್ತವೆ. ಜಿಲೇಬಿ ಮತ್ತು ಸಾಮಾನ್ಯ ಗೆಂಡೆ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಮಳೆಗಾಲ ಮುಗಿದು ನೀರು ತಣ್ಣಗಾದಾಗ ಕಾಟ ಜಾಸ್ತಿ. 18ರಿಂದ 22 ಡಿಗ್ರಿ ಇದಕ್ಕೆ ಒಗ್ಗುವ ಹವೆ, ಅದೇ ಚಳಿಯಲ್ಲಿ ಮೀನಿನ ರೋಗನಿರೋಧಕ ಶಕ್ತಿಯೂ ಕುಗ್ಗಿರುತ್ತದೆ.

ಹುಣ್ಣು ನೋಡಿ ಹೆದರಿದ ಜನ ಬಾಂಗ್ಲಾದೇಶ, ಕೇರಳಗಳಲ್ಲಿ ಮೀನು ಕೊಳ್ಳುವುದನ್ನೇ ಬಿಟ್ಟರು. ಬೆಲೆ ಬಿದ್ದುಹೋಯಿತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಕಾರಣ ಏನೆಂದೇ ಖಚಿತವಿಲ್ಲದಾಗ ಧೈರ್ಯ ಹೇಳುವುದಾದರೂ ಹೇಗೆ? ಪೆಟ್ಟು ತಿಂದವರು ಸಣ್ಣ ಮೀನುಗಾರರು, ಮೀನು ಮಾರುವ ಹೆಂಗಸರು.

ಕಾರಣ ಹಿಡಿಯಲು ಯಾಕಷ್ಟು ತಡ? ಹುಣ್ಣಿನಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾ ಸಿಕ್ಕಿತು, ಕೆಲವು ಮೀನುಗಳಲ್ಲಿ ವೈರಸ್ ಕೂಡ ಸಿಕ್ಕಿತು. ಸಿಕ್ಕಿದವರನ್ನೆಲ್ಲ ಕಳ್ಳರು ಅಂದುಕೊಂಡರು. ನಿಜವಾದ ಆರೋಪಿ ಒಳಗೆ ಮಾಂಸದಲ್ಲಿ ಎಳೆಎಳೆಯಾಗಿ ಹಬ್ಬಿತ್ತು. ಅದು ಬೂಷ್ಟಿನಂತೆ ಕಾಣುವ, ಆದರೆ ಶಿಲೀಂಧ್ರವಲ್ಲದ ಜೀವಿ. ಅಫನೊಮೈಸಿಸ್ ಇನ್ವೇಡನ್ಸ್ ಎಂಬ ಅದರ ಹೆಸರು ಗಟ್ಟಿಯಾಗಿದ್ದು 1997ರಲ್ಲಿ. ಜಪಾನ್, ಆಸ್ಟ್ರೇಲಿಯಾ, ನಮ್ಮ ಏಷ್ಯಾ ದೇಶಗಳ ಮಾದರಿಗಳ ಡಿಎನ್ಎ ಹೋಲಿಸಿದಾಗ ಎಲ್ಲ ಒಂದೇ ತಳಿ ಅಂತ ತಿಳಿಯಿತು. ಮೂರು ಹೆಸರಿನ ಮೂರು ರೋಗ ವಾಸ್ತವದಲ್ಲಿ ಒಂದೇ ಆಗಿತ್ತು. ಮೊದಲ ಹುಣ್ಣಿನಿಂದ ಇಲ್ಲಿಗೆ 26 ವರ್ಷ!

ಇದರ ನೆಂಟರು ನಮಗೆ ಹೊಸಬರಲ್ಲ. ಅಡಿಕೆಯ ಕೊಳೆರೋಗ ತರುವ ಫೈಟಾಫ್ಥೊರಾ ಇದೇ ಗುಂಪಿನದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನುಂಗಿದ್ದೂ ಇದೇ ಬಳಗ. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೂಢಿಗೆ ತಂದವರು ಲೆಸ್ಲಿ ಕೋಲ್‌ಮನ್. ಹೌದು, ನಮ್ಮ ಮಂಡ್ಯದ ವಿ.ಸಿ. ಫಾರ್ಮ್ ಜೊತೆ ಹೆಸರು ಬೆಸೆದುಕೊಂಡಿರುವ ಅದೇ ಕೋಲ್‌ಮನ್. ಆ ದ್ರಾವಣದಲ್ಲಿ ಮೈಲುತುತ್ತದ ಜೊತೆ ಸುಣ್ಣ ಇರುತ್ತದೆ. ಕೆರೆಯ ಹುಣ್ಣು ರೋಗಕ್ಕೂ ಮೊದಲು ಹಾಕಿದ್ದು ಸುಣ್ಣವೇ. ಅದು ನೀರಿನ ಹುಳಿ ತಗ್ಗಿಸುತ್ತದೆ. ಆಮೇಲೆ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ಸೈಫಾಕ್ಸ್ ಎಂಬ ಔಷಧಿ ತಂದರು. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್. ಕೊಳಕ್ಕೆ ಇದು ಸರಿ. ಹೊಳೆಗೆ, ದೊಡ್ಡ ಕೆರೆಗೆ ಹಾಕಲಾದೀತೇ?

ಈಗ ಗಾಜಿನ ತೊಟ್ಟಿಗೆ ಬನ್ನಿ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಸಿಂಗಪುರದಿಂದ ತರಿಸಿದ ಡ್ವಾರ್ಫ್ ಗೌರಾಮಿ ಮೀನುಗಳಲ್ಲಿ ಇದೇ ರೋಗವನ್ನು ವರದಿ ಮಾಡಿದರು. ಅಂಗಡಿಯಲ್ಲಿ ಜೋಡಿ ಲೆಕ್ಕದಲ್ಲಿ ಸಿಗುವ, ಕೆಂಪು-ನೀಲಿ ಪಟ್ಟೆಯ ಅದೇ ಮುದ್ದು ಗೌರಾಮಿ. ಬಣ್ಣದ ಮೀನಿನ ವ್ಯಾಪಾರದ ಜೊತೆ ರೋಗ ದೇಶ ದಾಟಬಲ್ಲದು ಅನ್ನೋದಕ್ಕೆ ಇದೇ ಸಾಕ್ಷಿ. 2006ರ ಕೊನೆಗೆ ಆಫ್ರಿಕಾದ ಚೋಬೆ-ಜಾಂಬೆಜಿ ನದಿಗಳಲ್ಲೂ ಹುಣ್ಣು ರೋಗ ಕಾಣಿಸಿತು.

ನಮ್ಮ ಸೀಮೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಗೊರೂರಿನ ಹೇಮಾವತಿ ನೀರು ನಾಲೆ ಹಿಡಿದು ಕೆ.ಆರ್. ಪೇಟೆ, ನಾಗಮಂಗಲದ ಕೆರೆಗಳಿಗೆ ಬರುತ್ತದೆ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಪಾಂಡವಪುರದ ಕಡೆ ಹರಿಯುತ್ತದೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯೇ ಇದೆ. ಈ ರೋಗದ ಬೀಜಕಣಗಳು ಈಜಬಲ್ಲವು. ನಾಲೆಯ ಮೇಲ್ಗಡೆ ಒಬ್ಬರು ಬಿಟ್ಟ ಮೀನು ಕೆಳಗಿನ ಎಷ್ಟೋ ಕೆರೆಗಳ ಸಮಸ್ಯೆ ಆಗಬಹುದು. ಕಾವೇರಿಯ ಬಿಳಿ ಮೀನು, ಅಂದರೆ ಗೂನು ಬೆನ್ನಿನ ಮಹಶೀರ್, 2018ರಿಂದ ತೀರಾ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದಕ್ಕೆ ಇನ್ನೊಂದು ಕಾಟ ಬೇಡ.

ಹಾಗಾಗಿ ಅಕ್ವೇರಿಯಂ ಇಟ್ಟಿರುವ ಗೆಳೆಯರಿಗೆ ಇಷ್ಟು:

- ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ.
- ಬಿಳಿ ಚುಕ್ಕೆ, ಹತ್ತಿಯಂಥ ಬೂಷ್ಟು, ಕೆಂಪು ಹುಣ್ಣು ಈ ಮೂರೂ ಬೇರೆ ಬೇರೆ. ಔಷಧಿಗೆ ಮೊದಲು ಕಣ್ಣಿಟ್ಟು ನೋಡಿ.
- ಕೆಂಪು ಹುಣ್ಣು ಆಳಕ್ಕೆ ಇಳಿದಿದ್ದರೆ ನೀಲಿ ಸೀಸೆಯಿಂದ ಉಪಯೋಗವಿಲ್ಲ. ಆ ಮೀನನ್ನು ಬೇರೆ ಮಾಡಿ. ಲೀಟರಿಗೆ 2 ಗ್ರಾಂಗಿಂತ ಹೆಚ್ಚು ಉಪ್ಪಿರುವ ನೀರಿನಲ್ಲಿ ಈ ರೋಗ ಹರಡುವುದು ನಿಲ್ಲುತ್ತದೆ, ಆದರೆ ಎಲ್ಲ ಮೀನೂ ಉಪ್ಪು ತಡೆಯಲ್ಲ.
- ಸತ್ತ ಮೀನನ್ನು ಹೂಳಿ. ತೊಟ್ಟಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿಟ್ಟು, ಆಮೇಲೆ ಚೆಲ್ಲಿ. ನಾಲೆಗೆ ಬೇಡ.

ಎಲ್ಲಕ್ಕಿಂತ ಮುಖ್ಯ, ಸಾಕಲಾಗದ ಮೀನನ್ನು "ಪಾಪ, ಬದುಕಿಕೊಳ್ಳಲಿ" ಅಂತ ತೊಣ್ಣೂರು ಕೆರೆಗೋ ಹೊಳೆಗೋ ಬಿಡಬೇಡಿ. ಅಂಗಡಿಗೇ ವಾಪಸ್ ಕೊಡಿ, ಇಲ್ಲ ಸಾಕುವವರಿಗೆ ಕೊಡಿ. ಕೆರೆಯಲ್ಲಿ ಬದುಕಬೇಕಾದ ಮೀನುಗಳು, ಅವನ್ನು ನಂಬಿದ ಮನೆಗಳು ಅಲ್ಲಿ ಮೊದಲಿನಿಂದಲೂ ಇವೆ.

1990ರ ದಶಕದಲ್ಲಿ ನಿಮ್ಮೂರ ಕೆರೆಯಲ್ಲಿ ಮೀನಿಗೆ ಹುಣ್ಣು ಬಂದಿದ್ದನ್ನು ಮನೆಯ ಹಿರಿಯರು ಯಾರಾದರೂ ನೋಡಿದ್ದರೆ ಕೇಳಿ ಬರೆಯಿರಿ. ಇಂಥ ನೆನಪು ಬರೆದಿಡದಿದ್ದರೆ ಉಳಿಯೋದಿಲ್ಲ.