ಥಿಯಾಸಾಫಿಕಲ್ ಲಾಡ್ಜ್

ಥಿಯಾಸಾಫಿಕಲ್ ಲಾಡ್ಜ್ ಎಂಬುದು ಜಗತ್ತಿನ ಧರ್ಮಪರಂಪರೆಗಳನ್ನು ಕೂಡಿ ಓದಿ ಚರ್ಚಿಸುವ ಸಣ್ಣ ಅಧ್ಯಯನ ಕೂಟ. ಥಿಯಾಸಾಫಿಕಲ್ ಸೊಸೈಟಿಯ ಸ್ಥಳೀಯ ಘಟಕ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸೊಸೈಟಿ 1882ರಲ್ಲಿ ಮದರಾಸಿನ ಅಡ್ಯಾರಿಗೆ ಬಂದಿತು. ಧರ್ಮ, ತತ್ತ್ವಶಾಸ್ತ್ರ, ವಿಜ್ಞಾನಗಳ ತುಲನಾತ್ಮಕ ಅಧ್ಯಯನ ಅದರ ಎರಡನೆಯ ಧ್ಯೇಯ. ಲಾಡ್ಜ್ ಆರಂಭಿಸಲು ಏಳು ಸದಸ್ಯರು ಸಾಕು. ಈ ಸಣ್ಣ ಗಾತ್ರವೇ ಪ್ರತಿಯೊಬ್ಬರ ಪ್ರಶ್ನೆಗೂ ಎಡೆಕೊಡುತ್ತದೆ. ಸೊಸೈಟಿಯ ಸಹಸಂಸ್ಥಾಪಕಿ ಬ್ಲಾವಟ್‌ಸ್ಕಿಯ ಸಿದ್ಧಾಂತವೇ ಇಲ್ಲಿ ಅಳತೆಗೋಲಾಗುತ್ತದೆ ಎಂಬ ಆಕ್ಷೇಪವುಂಟು. ಆದರೆ ಸದಸ್ಯತ್ವಕ್ಕೆ ಧ್ಯೇಯಗಳ ಒಪ್ಪಿಗೆ ಸಾಕು, ಸಿದ್ಧಾಂತವನ್ನು ನಂಬುವುದಾಗಲಿ ಸ್ವಧರ್ಮ ತೊರೆಯುವುದಾಗಲಿ ಬೇಕಿಲ್ಲ. 1922ರಲ್ಲಿ ಸೊಸೈಟಿ ಬಿಟ್ಟು ಯುನೈಟೆಡ್ ಲಾಡ್ಜ್ ಆಫ್ ಥಿಯಾಸಾಫಿಸ್ಟ್ಸ್ ಎಂಬ ಪ್ರತ್ಯೇಕ ಸಂಘಟನೆ ಸೇರಿದ ಬಿ.ಪಿ. ವಾಡಿಯಾ 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದರು. ಅದರ ಗ್ರಂಥಾಲಯ, ಉಪನ್ಯಾಸಗಳ ಮೂಲಕ ಇಂಥ ಅಧ್ಯಯನ ಸಾರ್ವಜನಿಕರಿಗೂ ತೆರೆದುಕೊಂಡಿತು.