ಕಡಲು ಕೊಂಡೊಯ್ದ ಡನಿಚ್ ಬಂದರು

ಇಂಗ್ಲೆಂಡಿನ ಪೂರ್ವತೀರದ ಸಫೋಕ್ ಪ್ರಾಂತದಲ್ಲಿರುವ ಡನಿಚ್ ಇಂದು ಒಂದು ಚಿಕ್ಕ ಹಳ್ಳಿ. ಹದಿಮೂರನೆಯ ಶತಮಾನದಲ್ಲಿ ಅದು ಆ ದೇಶದ ಹೆಸರಾಂತ ರೇವುಪಟ್ಟಣಗಳಲ್ಲೊಂದಾಗಿದ್ದಿತೆಂದರೆ ನಂಬುವುದು ಕಷ್ಟ. 1086ರಲ್ಲಿ ಒಂದನೆಯ ವಿಲಿಯಂ ದೊರೆಯು ಮಾಡಿಸಿದ ‘ಡೂಮ್ಸ್‌ಡೇ’ ದಾಖಲೆಯಲ್ಲಿ ಈ ಊರಿನ ಸಲ್ಲಿಕೆ 50 ಪೌಂಡು ಹಾಗೂ 68,000 ಹೆರಿಂಗ್ ಮೀನುಗಳೆಂದಿದೆ. ಹಿಂದಿನ ಎಡ್ವರ್ಡ್ ದೊರೆಯ ಕಾಲದಲ್ಲಿ ಇಲ್ಲಿ ನಾಣ್ಯ ವಿನಿಮಯದ ಸರಾಫನಿರಲಿಲ್ಲ, ಅವನು ನೆರೆಯ ಬ್ಲೈಬರೋದಲ್ಲಿದ್ದನೆಂಬ ಮಾತೂ ಅದರಲ್ಲಿದೆ. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಬಾಳುವ ನನ್ನಂಥವನ ಕಣ್ಣು ನಿಂತುದು ಅಲ್ಲಿಯೇ. ಆದರೆ ಹೆಚ್ಚು ಗಂಭೀರವಾದುದು ಇನ್ನೊಂದು ನಮೂದು: ಉಳುಮೆಯ ಎರಡು ಹಿಡುವಳಿಗಳಲ್ಲಿ ಒಂದನ್ನು ಕಡಲು ಕೊಂಡೊಯ್ದಿದೆ. ಎಂದರೆ, ವೈಭವವು ತುದಿ ಮುಟ್ಟುವ ಮುನ್ನವೇ ಕ್ಷಯವು ಮೊದಲಾಗಿತ್ತು.

1286 ಮತ್ತು 1328ರ ಬಿರುಗಾಳಿಗಳು ರೇವಿನ ಬಾಯಿಗೆ ಮರಳು, ಜಲ್ಲಿಗಳನ್ನು ತುಂಬಿದುವು. ನದಿಯು ಬೇರೆ ದಾರಿ ಹಿಡಿಯಿತು; ಹಡಗುಗಳೂ ಅದರೊಡನೆ ಹೋದುವು. ದಿಬ್ಬ ಕುಸಿದಂತೆಲ್ಲ ಬೀದಿಗಳು, ಚರ್ಚುಗಳು ನೀರುಪಾಲಾದುವು. ಊರು ಹೋದರೂ ಹಕ್ಕು ಹೋಗಲಿಲ್ಲ! ಕೆಲವೇ ಮಂದಿ ಮತದಾರರು ಉಳಿದಿದ್ದ ಈ ಹಳ್ಳಿ 1832ರ ಸುಧಾರಣಾ ಶಾಸನದವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇದ್ದಿತು. ಸರ್ವಸಂತರ ಚರ್ಚು 1904ರಿಂದ ತುಂಡುತುಂಡಾಗಿ ಉರುಳಿ, 1919ರ ವೇಳೆಗೆ ಅದರ ಗೋಪುರವೂ ಸಮುದ್ರ ಸೇರಿತು. ಅದರ ಒಂದು ಆನಿಕೆಯನ್ನು ಮಾತ್ರ ಉಳಿಸಿ, ಸಂತ ಜೇಮ್ಸ್ ಚರ್ಚಿನ ಆವರಣದಲ್ಲಿ ನಿಲ್ಲಿಸಿದ್ದಾರೆ.